ವಾರಾಂತ್ಯಕ್ಕೆ ನೋಡುವ ಜಾಗಗಳ ಪಟ್ಟಿ ಬೇಡ, ಒಂದು ಅಡುಗೆಮನೆ ಸಾಕು

ಮಾನ್ಯರೆ,

ವಾರಾಂತ್ಯ ಬಂತೆಂದರೆ ಪತ್ರಿಕೆಗಳಲ್ಲಿ ಒಂದೇ ಬಗೆಯ ಬರಹ. ಎರಡು ದಿನದಲ್ಲಿ ನೋಡಬಹುದಾದ ಹತ್ತು ಜಾಗ, ಹೋಗುವ ದಾರಿ, ಎಲ್ಲಿ ನಿಂತು ಫೋಟೊ ತೆಗೆದರೆ ಚೆನ್ನ, ಎಷ್ಟು ಹೊತ್ತಿಗೆ ಹೊರಟರೆ ಯಾವುದನ್ನು ಮುಗಿಸಿ ಯಾವುದಕ್ಕೆ ತಲುಪಬಹುದು. ಪ್ರವಾಸದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹಳ್ಳಿಯ ಒಂದು ಮನೆಗೆ ಹೋಗಿ, ಮನೆಯವರು ಮತ್ತು ಒಂದಿಬ್ಬರು ಗೆಳೆಯರು ಸೇರಿ ಅಡುಗೆ ಮಾಡಿ, ಉಂಡು, ಮಲಗಿ, ಎದ್ದು, ಮತ್ತೆ ಅಡುಗೆ ಮಾಡಿ, ಬೇರೆ ಏನನ್ನೂ ನೋಡದೆ ವಾಪಸ್ ಬರುವ ವಾರಾಂತ್ಯದ ಬಗ್ಗೆ ಬರೆಯುವವರು ಕಡಿಮೆ. ಆ ಬಗ್ಗೆಯೂ ನಿಮ್ಮ ಪತ್ರಿಕೆಯಲ್ಲಿ ಆಗಾಗ ಜಾಗ ಕೊಡಿ ಎಂದು ಕೇಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಹಾಕಿದರೆ ಸಂತೋಷ.

ನಾನು ಹೇಳಬೇಕೆಂದಿರುವುದು ಇಷ್ಟೇ. ಇಂಥ ವಾರಾಂತ್ಯದಲ್ಲಿ ಅಡುಗೆಯೇ ಕಾರ್ಯಕ್ರಮ ಆಗಬೇಕು. ಆ ಕಾರ್ಯಕ್ರಮದಲ್ಲಿ ಬಂದವರೆಲ್ಲ ಕೈ ಹಾಕಬೇಕು. ಬಹಳ ಮನೆಗಳಲ್ಲಿ ಆಗುವುದು ಇದರ ಉಲ್ಟಾ. ಎಂಟು ಜನ ಬರುತ್ತಾರೆ, ಏಳು ಜನ ಜಗಲಿಯಲ್ಲಿ ಕೂತು ಹರಟುತ್ತಾರೆ, ಒಬ್ಬರು ಒಲೆಯ ಮುಂದೆ ನಿಂತೇ ಇರುತ್ತಾರೆ. ಭಾನುವಾರ ಸಂಜೆ ಏಳು ಜನ "ಎಷ್ಟು ಆರಾಮಾಗಿತ್ತು ಅಲ್ವಾ" ಎನ್ನುತ್ತಾ ಕಾರು ಹತ್ತುತ್ತಾರೆ. ಆ ಒಬ್ಬರಿಗೆ ಸೊಂಟ ಹಿಡಿದಿರುತ್ತದೆ. ಅವರ ಪಾಲಿಗೆ ಅದು ವಾರಾಂತ್ಯವೇ ಅಲ್ಲ, ವಾರದ ಬೇರೆ ದಿನಗಳಿಗಿಂತ ಜಾಸ್ತಿ ಕೆಲಸದ ಎರಡು ದಿನ.

ಆ ಒಬ್ಬರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ಅಂಕಿ ಹೇಳುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರ ವರದಿಯಲ್ಲಿ ಲೆಕ್ಕ ಹಾಕಿದ ಪ್ರಕಾರ, ಸಂಬಳವಿಲ್ಲದೆ ನಡೆಯುವ ಮನೆಗೆಲಸ ಮತ್ತು ಆರೈಕೆಗೆ ಜಗತ್ತಿನಲ್ಲಿ ಹೋಗುವ ಒಟ್ಟು ಸಮಯದಲ್ಲಿ ಶೇ 76.2ರಷ್ಟನ್ನು ಕೊಡುವವರು ಹೆಂಗಸರು. ಅಂದರೆ ಗಂಡಸರಿಗಿಂತ ಮೂರು ಪಟ್ಟಿಗೂ ಜಾಸ್ತಿ. ಇದು ವಾರದ ದಿನಗಳಲ್ಲಿ ಹೇಗೋ ಕಣ್ಣಿಗೆ ಬೀಳದೆ ಹೋಗುತ್ತದೆ, ಎಲ್ಲರೂ ಓಡುತ್ತಿರುತ್ತಾರೆ. ಉಳಿದವರೆಲ್ಲ ಕಾಲು ಚಾಚಿ ಕೂತ ದಿನ ಮಾತ್ರ ಎದ್ದು ಕಾಣುತ್ತದೆ. ಕಂಡ ಮೇಲೂ ಸುಮ್ನೆ ಕೂರುವುದು ನನಗೆ ಸರಿ ಎನಿಸುವುದಿಲ್ಲ.

ಸರಿ, ಹಾಗಾದರೆ ಹೊರಗಿನಿಂದ ಊಟ ತರಿಸಿದರೆ ಆಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಒಂದು ಹೊತ್ತಿಗೆ ತರಿಸಲಿ, ಬೇಡ ಎನ್ನುವುದಿಲ್ಲ. ಆದರೆ ಎರಡೂ ದಿನ ಹಾಗೆ ಮಾಡಿದರೆ ಆ ಮನೆಯಲ್ಲಿ ಒಟ್ಟಿಗೆ ಮಾಡಲು ಉಳಿಯುವುದೇನು? ಮಾತು ಎಷ್ಟು ಹೊತ್ತು ನಡೆಯುತ್ತದೆ? ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಫೋನ್ ತೆಗೆಯುತ್ತಾರೆ. ಕೈಗೆ ಕೆಲಸವಿದ್ದಾಗ ಬಾಯಿ ತಾನಾಗಿ ಬಿಡುತ್ತದೆ. ಎದುರುಬದುರು ಕೂತು "ಹೇಗಿದ್ದೀಯಾ" ಎಂದು ಕೇಳಿದರೆ "ಚೆನ್ನಾಗಿದ್ದೀನಿ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅದೇ ಇಬ್ಬರು ಪಕ್ಕಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರೆ, ಕಣ್ಣು ಕೈಯ ಮೇಲಿರುವುದರಿಂದ ಒಬ್ಬರನ್ನೊಬ್ಬರು ನೋಡಬೇಕಾದ ಒತ್ತಡವಿಲ್ಲದೆ, ಕೆಲಸ ಹೋದ ವಿಷಯ, ಅಪ್ಪನ ಕಾಯಿಲೆಯ ವಿಷಯ, ಮಗಳು ಮಾತು ಬಿಟ್ಟ ವಿಷಯ ಒಂದೊಂದಾಗಿ ಹೊರಗೆ ಬರುತ್ತವೆ. ನನ್ನ ಗೆಳೆಯರ ದೊಡ್ಡ ದೊಡ್ಡ ಕಷ್ಟಗಳೆಲ್ಲ ನನಗೆ ಗೊತ್ತಾಗಿದ್ದು ತರಕಾರಿ ಹೆಚ್ಚುವಾಗಲೇ. ಊಟದ ಹೊತ್ತಿಗೆ ಆ ಮಾತು ಮುಗಿದು ಮನಸ್ಸು ಹಗುರಾಗಿರುತ್ತದೆ.

ದಣಿವು ಹೇಗೆ ಇಳಿಯುತ್ತದೆ ಎಂಬ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. ಸಬೀನಾ ಸೊನ್ನೆನ್‌ಟಾಗ್ ಮತ್ತು ಷಾರ್ಲೊಟ್ ಫ್ರಿಟ್ಜ್ ಎಂಬ ಇಬ್ಬರು ಸಂಶೋಧಕಿಯರು 2007ರಲ್ಲಿ ಇದಕ್ಕೆ ನಾಲ್ಕು ಅನುಭವಗಳನ್ನು ಗುರುತಿಸಿದರು. ಮೊದಲನೆಯದು, ಕೆಲಸದ ಯೋಚನೆ ತಲೆಯಿಂದ ಪೂರ್ತಿ ಇಳಿಯಬೇಕು. ಎರಡನೆಯದು, ಮೈ ಮನಸ್ಸು ಸಡಿಲವಾಗಬೇಕು. ಮೂರನೆಯದು ನನಗೆ ಆಶ್ಚರ್ಯ ತಂದಿತು, ಏನನ್ನಾದರೂ ಕಲಿತು ಅಥವಾ ಚೆನ್ನಾಗಿ ಮಾಡಿ ಮುಗಿಸಿದ ತೃಪ್ತಿಯೂ ಬೇಕಂತೆ. ನಾಲ್ಕನೆಯದು, ನನ್ನ ಹೊತ್ತನ್ನು ಹೇಗೆ ಕಳೆಯಬೇಕು ಎಂಬುದು ನನ್ನ ಕೈಯಲ್ಲಿರಬೇಕು.

ಈಗ ಹತ್ತು ಜಾಗ ನೋಡುವ ವಾರಾಂತ್ಯವನ್ನು ಈ ನಾಲ್ಕರ ಪಕ್ಕ ಇಟ್ಟು ನೋಡಿ. ಹೊತ್ತು ನಮ್ಮ ಕೈಯಲ್ಲಿಲ್ಲ, ಪಟ್ಟಿಯ ಕೈಯಲ್ಲಿದೆ. ಮೈ ಸಡಿಲವಾಗುವ ಮಾತೇ ಇಲ್ಲ, ಅರ್ಧ ದಿನ ಕಾರಿನಲ್ಲೇ ಹೋಗುತ್ತದೆ. ಹಳ್ಳಿ ಮನೆಯ ವಾರಾಂತ್ಯದಲ್ಲಿ ನಾಲ್ಕೂ ಸಿಗುತ್ತವೆ, ಆದರೆ ಅಡುಗೆ ಹಂಚಿಕೊಂಡರೆ ಮಾತ್ರ. ಹಂಚಿಕೊಂಡಾಗ ಅದೇ ಅಡುಗೆ ಮೂರನೆಯ ಅನುಭವ, ಒಂದು ಹೊಸದನ್ನು ಮಾಡಿದ ತೃಪ್ತಿ. ಒಬ್ಬರ ತಲೆಗೇ ಕಟ್ಟಿದರೆ ಅವರ ಪಾಲಿನ ನಾಲ್ಕೂ ಹೋಯಿತು. ಕೆಲಸ ಒಂದೇ, ಒಲೆ ಒಂದೇ, ಎಷ್ಟು ಜನ ಸುತ್ತ ನಿಂತಿದ್ದಾರೆ ಎಂಬುದರ ಮೇಲೆ ಅದು ದುಡಿಮೆಯೋ ಸಂತೋಷವೋ ಎಂಬುದು ನಿಲ್ಲುತ್ತದೆ.

ಹಂಚಿಕೊಳ್ಳುವುದು ಎಂದರೆ "ನಾನು ಏನಾದರೂ ಮಾಡಲಾ" ಎಂದು ಬಾಗಿಲಲ್ಲಿ ನಿಂತು ಕೇಳುವುದಲ್ಲ. ಈ ಪ್ರಶ್ನೆಯಿಂದ ಅಡುಗೆ ಮಾಡುವವರಿಗೆ ಇನ್ನೊಂದು ಕೆಲಸ ಜಾಸ್ತಿಯಾಗುತ್ತದೆ, ಏನು ಮಾಡಿಸಬೇಕು ಎಂದು ಅವರೇ ಯೋಚಿಸಬೇಕು. ಅಡುಗೆಯಲ್ಲಿ ದೊಡ್ಡ ಭಾರವೇ ಅದು. ಎಷ್ಟು ಜನ, ಏನು ಇದೆ, ಏನು ಮುಗಿದಿದೆ, ಯಾರಿಗೆ ಏನು ಆಗುವುದಿಲ್ಲ, ನಾಳೆ ಬೆಳಿಗ್ಗೆ ಏನು. ಕೈಕೆಲಸ ಕಾಣುತ್ತದೆ, ಈ ಲೆಕ್ಕ ಕಾಣುವುದಿಲ್ಲ. ಆದ್ದರಿಂದ ಹೊತ್ತು ಹಂಚಿಕೊಳ್ಳುವುದು ಒಳ್ಳೆಯದು. ಶನಿವಾರ ರಾತ್ರಿಯ ಊಟ ಪೂರ್ತಿ ಗೆಳೆಯರದ್ದು ಎಂದರೆ ಏನು ಮಾಡಬೇಕು ಎನ್ನುವುದರಿಂದ ಹಿಡಿದು ಸಾಮಾನು ತರುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆದು ಕಟ್ಟೆ ಒರೆಸುವುದು ಎಲ್ಲ ಅವರದ್ದೇ. ಮನೆಯವರು ಆ ಹೊತ್ತಿನಲ್ಲಿ ಅಡುಗೆಮನೆಗೆ ಬಂದು ಉಪ್ಪು ಎಲ್ಲಿದೆ ಎಂದು ತೋರಿಸಿ ಹೋಗಿಬಿಡಬೇಕು. ಮಾಡಿದ್ದು ಸ್ವಲ್ಪ ಹೆಚ್ಚುಕಡಿಮೆ ಆದರೂ ಬಾಯಿ ಹಾಕಬಾರದು. ಇದು ಮನೆಯ ಹಿರಿಯರಿಗೆ ಕಷ್ಟ, ನನಗೆ ಗೊತ್ತು, ಆದರೂ ಹೇಳುತ್ತೇನೆ.

ಇನ್ನು ಏನು ಮಾಡಬೇಕು ಎನ್ನುವುದು. ತುಂಬ ಬಗೆ ಮಾಡಬೇಡಿ. ಒಂದು ದೊಡ್ಡ ಪಾತ್ರೆಯಲ್ಲಿ ನಿಧಾನಕ್ಕೆ ಬೇಯುವ ಒಂದು ಅಡುಗೆ, ಜೊತೆಗೆ ಹಸಿಯಾಗಿ ತಿನ್ನುವಂಥದ್ದು ಒಂದು, ಸಾಕು. ಕಾಳೋ ಗೆಡ್ಡೆಯೋ ಮಾಂಸವೋ, ನಿಮ್ಮ ಮನೆಗೆ ಯಾವುದು ಸರಿಯೋ ಅದು. ನಿಧಾನಕ್ಕೆ ಬೇಯುವುದರಲ್ಲಿ ಒಂದು ಅನುಕೂಲವಿದೆ. ಹೆಚ್ಚಿ ಹಾಕಿ ಒಲೆಯ ಮೇಲಿಟ್ಟರೆ ಯಾರಾದರೂ ಒಬ್ಬರು ಆಗಾಗ ಕೈಯಾಡಿಸಿದರೆ ಸಾಕು, ಉಳಿದವರು ತೋಟ ಸುತ್ತಬಹುದು, ಮಲಗಬಹುದು. ಊಟ ಒಂದು ಗಂಟೆ ತಡವಾದರೂ ಕೆಡುವುದಿಲ್ಲ. ಒಂದೊಂದಾಗಿ ಬಿಸಿಬಿಸಿ ಮಾಡಿ ಬಡಿಸಬೇಕಾದ ತಿಂಡಿ ರುಚಿ ಹೌದು, ಆದರೆ ಅದನ್ನು ಮಾಡುವವರು ಎಲ್ಲರ ಜೊತೆ ಕೂತು ಉಣ್ಣಲಾರರು. ಎಲ್ಲರೂ ಒಟ್ಟಿಗೆ ಕೂರಲು ಆಗದ ಅಡುಗೆಯನ್ನು ಈ ಎರಡು ದಿನಕ್ಕೆ ಬಿಟ್ಟುಬಿಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಸಬರು ಅಡುಗೆಮನೆಗೆ ಬಂದಾಗ ಒಂದೆರಡು ಎಚ್ಚರ ಬೇಕು. ರಾಜ್ಮಾದಂಥ ಕೆಂಪು ಕಾಳನ್ನು ಕಡಿಮೆ ಉರಿಯಲ್ಲೇ ಬೇಯಿಸಿ ಮುಗಿಸಬಾರದು. ಹಸಿ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಒಂದು ಅಂಶ ಇರುತ್ತದೆ. ಕನಿಷ್ಠ 5 ಗಂಟೆ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿದ ಮೇಲೆ ಉರಿ ಇಳಿಸಬೇಕು. 10 ನಿಮಿಷದ ಕುದಿತ ಬೇಕೇ ಬೇಕು, ಅರ್ಧ ಗಂಟೆಯಾದರೆ ಇನ್ನೂ ಭದ್ರ. ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಕೆಟ್ಟದ್ದು.

ಉಳಿದ ಅಡುಗೆಯ ವಿಷಯ ಇನ್ನೂ ಮುಖ್ಯ. ಹತ್ತು ಜನರ ಊಟ ಎಂದರೆ ಉಳಿದೇ ಉಳಿಯುತ್ತದೆ, ಹರಟೆಯಲ್ಲಿ ಪಾತ್ರೆ ಮೇಜಿನ ಮೇಲೇ ಸಂಜೆಯವರೆಗೆ ಕೂತಿರುತ್ತದೆ. ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ, ಬಿಸಿ ಇಟ್ಟರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಟ್ಟರೆ 5 ಡಿಗ್ರಿಗಿಂತ ಕೆಳಗೆ ಇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನದ ವಿಷಯದಲ್ಲಂತೂ ಇದನ್ನು ಮರೆಯಲೇಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿದ್ದದ್ದನ್ನು ಅಗಲ ತಟ್ಟೆಗಳಿಗೆ ತೆಳ್ಳಗೆ ಹರಡಿದರೆ ಬೇಗ ಆರುತ್ತದೆ, ಆಮೇಲೆ ಫ್ರಿಜ್‌ಗೆ. ಕರೆಂಟು ಹೋಗಿ ಬರುವ ಮನೆಯಾದರೆ ಅಳತೆ ನೋಡಿ ಕಡಿಮೆ ಬೇಯಿಸುವುದೇ ಉತ್ತಮ. ಹಳ್ಳಿ ಮನೆಯಿಂದ ಆಸ್ಪತ್ರೆ ದೂರ ಇರುತ್ತದೆ, ಮಕ್ಕಳು ಮುದುಕರು ಇಬ್ಬರೂ ಇರುತ್ತಾರೆ. ಇದನ್ನೆಲ್ಲ ಅತಿಯಾಯಿತು ಎಂದು ಯಾರೂ ಅಂದುಕೊಳ್ಳಬೇಡಿ.

ಮಕ್ಕಳ ಮಾತು ಬಂತು. ಹಳ್ಳಿಗೆ ಕರೆದುಕೊಂಡು ಹೋದರೆ ಮಕ್ಕಳಿಗೆ ಬೇಜಾರಾಗುತ್ತದೆ, ಅವರಿಗೆ ಏನಾದರೂ ಚಟುವಟಿಕೆ ಬೇಕು ಎಂದು ಎಷ್ಟೋ ಅಪ್ಪ ಅಮ್ಮಂದಿರು ಹೇಳುತ್ತಾರೆ. ಅಡುಗೆಮನೆಗೆ ಬಿಡಿ. ಸೊಪ್ಪು ಬಿಡಿಸಲಿ, ಕಾಳು ತೊಳೆಯಲಿ, ಹಿಟ್ಟು ಕಲಸಲಿ, ಮೈಗೆಲ್ಲ ಬಳಿದುಕೊಳ್ಳಲಿ. ಸ್ವಿಟ್ಜರ್ಲೆಂಡಿನಲ್ಲಿ 6ರಿಂದ 10 ವರ್ಷದ 47 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತಂದೆಯೋ ತಾಯಿಯೋ ಒಬ್ಬರ ಜೊತೆ ಸೇರಿ ಅಡುಗೆ ಮಾಡಿದ ಮಕ್ಕಳು, ದೊಡ್ಡವರೇ ಮಾಡಿ ಬಡಿಸಿದ ಮಕ್ಕಳಿಗಿಂತ ಸಲಾಡನ್ನು ಸುಮಾರು ಮುಕ್ಕಾಲು ಪಾಲು ಜಾಸ್ತಿ ತಿಂದರು. ತಾನು ಹೆಚ್ಚಿದ ಸೌತೆಕಾಯಿಯನ್ನು ಮಗು ಬೇಡ ಎನ್ನುವುದಿಲ್ಲ, ಬೇರೆಯವರಿಗೂ ತಂದು ಬಾಯಿಗಿಡುತ್ತದೆ. ಅಷ್ಟು ಪುಟ್ಟ ಅಧ್ಯಯನದಿಂದ ದೊಡ್ಡ ತೀರ್ಮಾನ ಮಾಡುವುದು ಬೇಡ, ಆದರೆ ನಮ್ಮ ಸುತ್ತ ಕಾಣುವುದೂ ಅದನ್ನೇ.

ಊಟಕ್ಕೆ ಕೂತಾಗ ಫೋನು ಬೇರೆ ಕೋಣೆಯಲ್ಲಿರಲಿ. ಇದು ಹಳೇ ಕಾಲದವರ ಗೊಣಗಾಟ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 300ಕ್ಕೂ ಹೆಚ್ಚು ಜನರನ್ನು ಗೆಳೆಯರ ಅಥವಾ ಮನೆಯವರ ಜೊತೆ ಹೋಟೆಲಿನಲ್ಲಿ ಊಟಕ್ಕೆ ಕೂರಿಸಿದ್ದರು. ಕೆಲವರ ಫೋನು ಮೇಜಿನ ಮೇಲಿತ್ತು, ಕೆಲವರದ್ದು ಕಣ್ಣಿಗೆ ಕಾಣದಂತೆ ಇಟ್ಟಿತ್ತು. ಮೇಜಿನ ಮೇಲೆ ಇದ್ದವರ ಗಮನ ಜಾಸ್ತಿ ಚದುರಿತು, ಊಟದ ಖುಷಿ ಕಡಿಮೆಯಾಯಿತು. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ತಿಂಗಳಿಗೊಮ್ಮೆ ಸಿಗುವ ಊಟದಲ್ಲಿ ಆ ಸ್ವಲ್ಪವನ್ನಾದರೂ ಯಾಕೆ ಕಳೆದುಕೊಳ್ಳಬೇಕು?

ಒಟ್ಟಿಗೆ ಉಣ್ಣುವುದು ಸಣ್ಣ ವಿಷಯ ಎಂದು ನಾವು ಅಂದುಕೊಂಡಿದ್ದೇವೆ. 2025ರ ವಿಶ್ವ ಸಂತೋಷ ವರದಿಯಲ್ಲಿ ಈ ಬಗ್ಗೆಯೇ ಒಂದು ಅಧ್ಯಾಯವಿದೆ. ಬೇರೆಯವರ ಜೊತೆ ಊಟ ಮಾಡುವವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿಯಿಂದ ಇರುವುದು ದೇಶ ದೇಶಗಳಲ್ಲಿ ಕಂಡಿದೆ. ಅಮೆರಿಕದಲ್ಲಿ 2023ರಲ್ಲಿ ನಾಲ್ಕರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರಂತೆ. 2003ಕ್ಕೆ ಹೋಲಿಸಿದರೆ ಇದು ಶೇ 53ರಷ್ಟು ಜಾಸ್ತಿ. ಓದಿ ನನಗೆ ನಿಜಕ್ಕೂ ನೋವಾಯಿತು. ಊಟ ಇದೆ, ಮನೆ ಇದೆ, ಪಕ್ಕದಲ್ಲಿ ಕೂರುವವರಿಲ್ಲ. ಒಬ್ಬರೇ ವಾಸ ಮಾಡುವ ಗೆಳೆಯರೋ ನೆಂಟರೋ ನಿಮಗಿದ್ದರೆ ಮುಂದಿನ ಸಲ ಅವರನ್ನು ಕರೆದುಕೊಂಡು ಹೋಗಿ. "ಬರ್ತೀರಾ" ಎಂದು ಕೇಳಿದರೆ ಸಂಕೋಚದಿಂದ ಬೇಡ ಎನ್ನುತ್ತಾರೆ. "ಶನಿವಾರ ಬೆಳಿಗ್ಗೆಯ ತಿಂಡಿ ನಿಮ್ಮದು, ನೀವು ಬರಲೇಬೇಕು" ಎಂದು ಹೇಳಿ. ಕೆಲಸ ಕೊಟ್ಟು ಕರೆದರೆ ಬರುವುದು ಅವರಿಗೂ ಸುಲಭ.

ರಾತ್ರಿಯ ಬಗ್ಗೆ ಒಂದು ಮಾತು. ಹಳ್ಳಿಯಲ್ಲಿ ಬೇಗ ನಿದ್ದೆ ಬರುತ್ತದೆ, ಬೆಳಿಗ್ಗೆ ತಾನಾಗಿ ಎಚ್ಚರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಗಾಳಿಯ ಗುಣ ಎಂದುಕೊಳ್ಳುತ್ತೇವೆ, ಆದರೆ ಬೆಳಕಿನ ಕೆಲಸವೂ ಹೌದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ ಅವರ ತಂಡ ಜನರನ್ನು ಬೆಟ್ಟದಲ್ಲಿ ಗುಡಾರ ಹಾಕಿ ಇರಿಸಿತ್ತು, ವಿದ್ಯುತ್ ದೀಪವಿಲ್ಲ, ಸೂರ್ಯ ಮತ್ತು ಬೆಂಕಿಯ ಬೆಳಕಷ್ಟೇ. ಒಂದು ವಾರದಲ್ಲಿ ಅವರ ಮೈಯಲ್ಲಿ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಸುಮಾರು 2 ಗಂಟೆ ಮೊದಲೇ ಏರತೊಡಗಿತು. ಆಮೇಲೆ 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬೇಸಿಗೆಯ ಒಂದೇ ವಾರಾಂತ್ಯ ಹಾಗೆ ಕಳೆದವರಲ್ಲೂ ಅದು 1.4 ಗಂಟೆ ಮುಂಚೆ ಬಂತು. ಎರಡು ದಿನಕ್ಕೆ ಇಷ್ಟು! ಆದರೆ ಹಳ್ಳಿ ಮನೆಗೆ ಹೋಗಿ ರಾತ್ರಿ ಒಂದು ಗಂಟೆಯವರೆಗೆ ಟ್ಯೂಬ್‌ಲೈಟಿನ ಕೆಳಗೆ ಟಿವಿ ನೋಡಿದರೆ ಇದು ಸಿಗುವುದಿಲ್ಲ. ಊಟ ಬೇಗ ಮುಗಿಸಿ, ಒಂದೇ ಒಂದು ಮಂದ ದೀಪ ಉಳಿಸಿ, ಅಂಗಳದಲ್ಲಿ ಕೂರಿ. ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ಬನ್ನಿ. ಹೊರಗೆ ಕೂತು ತರಕಾರಿ ಹೆಚ್ಚಿದರೂ ಆಯಿತು.

ಹಗಲಿನಲ್ಲಿ ನಡೆದಾಡಲು ದೊಡ್ಡ ಚಾರಣವೇನೂ ಬೇಡ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನದಲ್ಲಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಇದ್ದವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದು ಜಾಸ್ತಿ. ಒಂದೇ ಸಲ ಹೋಗಲಿ, ಚೂರುಚೂರಾಗಿ ಹೋಗಲಿ, ವ್ಯತ್ಯಾಸವಿರಲಿಲ್ಲ. ಊಟವಾದ ಮೇಲೆ ಒಂದು ಸುತ್ತು, ಸಂಜೆ ಒಂದು ಸುತ್ತು, ಲೆಕ್ಕ ಮುಗಿಯಿತು.

ಹಳ್ಳಿ ಮನೆಯಲ್ಲಿ ವರ್ಷವಿಡೀ ಇರುವವರ ಬಗ್ಗೆಯೂ ಯೋಚಿಸಬೇಕು. ಬಹಳ ಕಡೆ ಅದು ವಯಸ್ಸಾದ ಅಪ್ಪ ಅಮ್ಮ, ಇಲ್ಲವೇ ಅಣ್ಣ ಅತ್ತಿಗೆ. ನಮಗೆ ಅದು ವಾರಾಂತ್ಯದ ಮನೆ, ಅವರಿಗೆ ದಿನದ ಮನೆ. ಅವರಿಗೂ ಅವರ ಕೆಲಸಗಳಿರುತ್ತವೆ, ದನಕರು, ಕೊಯ್ಲು, ನೀರು ಬಿಡುವ ಸರದಿ. ಶುಕ್ರವಾರ ರಾತ್ರಿ ಫೋನ್ ಮಾಡಿ "ನಾಳೆ ಆರು ಜನ ಬರ್ತೀವಿ" ಎನ್ನುವುದು ಪ್ರೀತಿ ಅಲ್ಲ. ಮೊದಲೇ ಕೇಳಿ, ಅವರಿಗೆ ಅನುಕೂಲವಾದ ವಾರ ಹೋಗಿ. ದಿನಸಿ ನೀವೇ ತನ್ನಿ, ಅವರ ಡಬ್ಬ ಖಾಲಿ ಮಾಡಿ ಬರಬೇಡಿ. ಪ್ಲಾಸ್ಟಿಕ್ ತಂದಿದ್ದರೆ ವಾಪಸ್ ತೆಗೆದುಕೊಂಡು ಹೋಗಿ, ಹಳ್ಳಿಗಳಲ್ಲಿ ಅದನ್ನು ಒಯ್ಯುವ ಗಾಡಿ ಎಲ್ಲ ಕಡೆ ಬರುವುದಿಲ್ಲ, ಕೊನೆಗೆ ಯಾರೋ ಸುಡುತ್ತಾರೆ. ಹಾಸಿಗೆಯ ಹೊದಿಕೆ ಒಗೆದು ಒಣಗಿಸುವ ಕೆಲಸವೂ ಅವರಿಗೇ ಉಳಿಯದಿರಲಿ. ಜೋರಾಗಿ ಹಾಡು ಹಾಕುವುದು ಬೇಡವೇ ಬೇಡ. ಪಕ್ಕದ ಮನೆಯವರು ನಸುಕಿನಲ್ಲಿ ಎದ್ದು ಕೆಲಸಕ್ಕೆ ಹೋಗುವವರು.

ಹಾಗಂತ ಆ ಹಿರಿಯರನ್ನು ಅಡುಗೆಮನೆಯಿಂದ ಪೂರ್ತಿ ಹೊರಗಿಡಬೇಡಿ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ "ನೀನು ಏನೂ ಮಾಡಬೇಡ" ಎಂದರೆ ಅವರಿಗೆ ಅದೂ ಬೇಸರವೇ. ಕುರ್ಚಿಯನ್ನು ಒಲೆಯ ಪಕ್ಕಕ್ಕೇ ಹಾಕಿ. ಅವರು ಹೇಳಲಿ, ಮಾಡುವ ಕೈ ನಿಮ್ಮದಾಗಲಿ. ಅವರ ಕೈ ಅಳತೆಯ ಅಡುಗೆಯನ್ನು ಕಲಿಯಲು ಇರುವ ದಾರಿ ಇದೊಂದೇ. ಒಂದು ಹಿಡಿ ಎಂದರೆ ಎಷ್ಟು, ಹದ ಬಂತು ಎಂದರೆ ನೋಡಲು ಹೇಗಿರುತ್ತದೆ, ಯಾವ ವಾಸನೆ ಬಂದಾಗ ಇಳಿಸಬೇಕು, ಇದೆಲ್ಲ ಫೋನಿನಲ್ಲಿ ಕೇಳಿ ಬರೆದುಕೊಂಡರೆ ಬರುವುದಿಲ್ಲ. ಪಕ್ಕದಲ್ಲಿ ನಿಂತು ಅವರ ಹಿಡಿಯನ್ನು ಒಮ್ಮೆ ತಕ್ಕಡಿಗೆ ಹಾಕಿ ಗ್ರಾಂ ಬರೆದಿಟ್ಟುಕೊಳ್ಳಿ. ಆ ಹಾಳೆ ಮುಂದೆ ಮನೆಯವರಿಗೆಲ್ಲ ಬೇಕಾಗುತ್ತದೆ.

ಕೊನೆಯದಾಗಿ ಒಂದು ವಿಷಯ. ವಾರಾಂತ್ಯ ಎನ್ನುವಾಗ ಶನಿವಾರ ಭಾನುವಾರ ಎಲ್ಲರಿಗೂ ರಜೆ ಎಂದುಕೊಂಡು ಮಾತಾಡುತ್ತೇವೆ. ಕಾರ್ಖಾನೆ ಕೆಲಸದವರಿಗೆ ಏಳು ದಿನಕ್ಕೊಮ್ಮೆ ಸತತ 24 ಗಂಟೆ ಬಿಡುವು ಇರಬೇಕು ಎಂದು ಅಂತರರಾಷ್ಟ್ರೀಯ ಒಪ್ಪಂದ ಆಗಿದ್ದೇ 1921ರಲ್ಲಿ. ವಾರಕ್ಕೆ ಐದು ದಿನ ಕೆಲಸ ಎಂಬುದು ಹೆನ್ರಿ ಫೋರ್ಡ್ 1926ರಲ್ಲಿ ತನ್ನ ಕಾರ್ಖಾನೆಗಳಲ್ಲಿ ತಂದಾಗ ದೊಡ್ಡ ಸುದ್ದಿ. ನೂರು ವರ್ಷವಾದರೂ ಅದು ಎಲ್ಲರನ್ನೂ ತಲುಪಿಲ್ಲ. ನರ್ಸುಗಳು, ಬಸ್ ಓಡಿಸುವವರು, ಅಂಗಡಿ ಹೋಟೆಲುಗಳಲ್ಲಿ ನಿಲ್ಲುವವರು, ಕಾವಲು ಕಾಯುವವರು ನಾವು ಹಳ್ಳಿಗೆ ಹೊರಟ ದಿನವೇ ಜಾಸ್ತಿ ದುಡಿಯುತ್ತಾರೆ. ನಮ್ಮ ಗೆಳೆಯರಲ್ಲಿ, ನೆಂಟರಲ್ಲಿ ಇಂಥವರು ಇದ್ದೇ ಇರುತ್ತಾರೆ, ಪ್ರತಿ ಸಲವೂ "ಅವನಿಗೆ ರಜೆ ಸಿಗಲ್ಲ ಬಿಡು" ಎಂದು ಅವರನ್ನು ಬಿಟ್ಟೇ ಹೋಗುತ್ತೇವೆ. ರಜೆ ಹಾಕಲು ಸಾಧ್ಯವಿರುವವರು ವರ್ಷಕ್ಕೆ ಒಂದೆರಡು ಸಲವಾದರೂ ನಮ್ಮ ರಜೆಯನ್ನು ಅವರ ರಜೆಗೆ ಹೊಂದಿಸಿಕೊಳ್ಳೋಣ. ಅವರಿಗೆ ಬಿಡುವು ಮಂಗಳವಾರ ಬುಧವಾರ ಎಂದಾದರೆ ಮಂಗಳವಾರ ಬುಧವಾರವೇ ಹೋಗೋಣ, ಅಡುಗೆ ಅಂದೂ ಬೇಯುತ್ತದೆ.

ಇಂತಿ,
ನಿಮ್ಮ ಓದುಗ